ಕರಗದ ಹೆಪ್ಪು

"ಎಳೆದು ನೋಡಿ," ಎಂದರು ಡಾಕ್ಟರ್ ಚೈತನ್ಯ, ಇಕ್ಕಳವನ್ನು ಮುಂದೆ ಚಾಚುತ್ತ.

ಸಬ್ ಇನ್‌ಸ್ಪೆಕ್ಟರ್ ಧನುಶ್ರೀ ಕೈಗವಸು ಹಾಕಿಕೊಂಡಿದ್ದಳು, ಆದರೆ ಕೈ ಏಳಲಿಲ್ಲ. ಹೆಣ ನೋಡಿ ಅಭ್ಯಾಸವಿದ್ದರೂ ಮನುಷ್ಯನ ಎದೆಯ ಒಂದು ತುಂಡನ್ನು ಹೀಗೆ ತಟ್ಟೆಯಲ್ಲಿಟ್ಟು ಅವಳಿಗೆ ಯಾರೂ ಕೊಟ್ಟಿರಲಿಲ್ಲ. ತಟ್ಟೆಯಲ್ಲಿದ್ದದ್ದು ಅರಕೆರೆಯ ಡೇರಿ ಕಾರ್ಯದರ್ಶಿ ಲೋಕೇಶನ ರಕ್ತನಾಳ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳವದು. ಉದ್ದಕ್ಕೆ ಸೀಳಿ ಅಗಲಿಸಿಟ್ಟಿದ್ದರು.

ಆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೆಂದು ವರ್ಷದಿಂದ ನುಂಗುತ್ತಿದ್ದ, ರಕ್ತ ತೆಳ್ಳಗಾಗಿಸುವ ಮಾತ್ರೆ ಇರಬೇಕಾದದ್ದಕ್ಕಿಂತ ನಾಲ್ಕೈದು ಪಟ್ಟು ಮೈಗೆ ಸೇರಿ, ಮಿದುಳಿನಲ್ಲಿ ರಕ್ತ ಸೋರಿ ಲೋಕೇಶ ಸತ್ತಿದ್ದ. ಮಾತ್ರೆ ಕೊಡುತ್ತಿದ್ದವಳು ಹೆಂಡತಿ ಅರ್ಪಿತ. ಆದ್ದರಿಂದ ಕೊಂದವಳೂ ಅವಳೇ ಎಂದು ಊರೂ ಡಿವೈಎಸ್ಪಿಯೂ ಒಟ್ಟಿಗೇ ತೀರ್ಮಾನ ಮಾಡಿ ಕೂತಿದ್ದರು.

ಧನುಶ್ರೀ ಕೊನೆಗೂ ಇಕ್ಕಳ ತೆಗೆದುಕೊಂಡು ನಾಳದೊಳಗಿನ ಬೂದುಬಣ್ಣದ ಗಂಟನ್ನು ಹಿಡಿದು ಎಳೆದಳು. ಅದು ಅಲುಗಲಿಲ್ಲ. ಇನ್ನೊಂದಿಷ್ಟು ಜಗ್ಗಿದರೆ ನಾಳದ ಗೋಡೆಯೇ ಜೊತೆಗೆ ಎದ್ದು ಬಂತು.

"ಹೆಪ್ಪುಗಟ್ಟಿದ ರಕ್ತವಾಗಿದ್ದರೆ ಆರಿದ ಹಾಲಿನ ಕೆನೆ ಎತ್ತಿದ ಹಾಗೆ ಬಿಟ್ಟು ಬರಬೇಕಿತ್ತು," ಎಂದರು ಡಾಕ್ಟರು. "ಇದು ರಕ್ತ ಅಲ್ಲ ಮೇಡಂ, ಮಾಂಸ. ನಾಳದ ಒಳಗೋಡೆಯಲ್ಲೇ ಹುಟ್ಟಿ ಬೆಳೆದ ಗಡ್ಡೆ. ಸಾರ್ಕೋಮ ಅಂತೀವಿ, ಕ್ಯಾನ್ಸರಿನ ಒಂದು ಜಾತಿ. ನನ್ನ ಸರ್ವೀಸಿನಲ್ಲಿ ಇದೇ ಮೊದಲು ನೋಡ್ತಿರೋದು."

"ಸ್ಕ್ಯಾನಿನಲ್ಲಿ ಹೆಪ್ಪು ಅಂತಲೇ ಇತ್ತಲ್ಲ ಸರ್?"

"ಸ್ಕ್ಯಾನಿಗೆ ನಾಳದೊಳಗೆ ಏನೋ ಅಡ್ಡ ಕೂತಿದೆ ಅಂತ ಕಾಣುತ್ತೆ, ಅಷ್ಟೇ. ಅಡ್ಡ ಕೂತದ್ದು ಹೆಚ್ಚುಕಡಿಮೆ ಯಾವಾಗಲೂ ಹೆಪ್ಪೇ. ನಾನಿದ್ದರೂ ಮೊದಲಿಗೆ ಹಾಗೇ ಹೇಳ್ತಿದ್ದೆ."

"ಆಮೇಲೆ?"

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಆಮೇಲೆ ಅನುಮಾನ ಬರಬೇಕಿತ್ತು. ಇಂಥ ಹೆಪ್ಪು ಸಾಮಾನ್ಯವಾಗಿ ಕಾಲಿನ ನಾಳದಲ್ಲಿ ಹುಟ್ಟಿ ಮೇಲಕ್ಕೆ ಬರುತ್ತೆ. ಈತನ ಕಾಲಿನಲ್ಲಿ ಏನೂ ಇರಲಿಲ್ಲ. ಮೈ ಇಳೀತಾ ಬಂದಿತ್ತು, ಆಗಾಗ ಸಣ್ಣ ಜ್ವರ. ಹೆಪ್ಪು ಬಂದು ನಾಳವನ್ನು ಮುಚ್ಚುತ್ತೆ. ಇದು ನಾಳವನ್ನೇ ಒಳಗಿಂದ ಹಿಗ್ಗಿಸಿದೆ. ಸೂಜಿಯಲ್ಲಿ ಔಷಧ ಬಿಟ್ಟು ತೆಗೆದ ಕೊನೆಯ ಸ್ಕ್ಯಾನಿನಲ್ಲಿ ಗಂಟು ಕೂಡ ಒಂದಿಷ್ಟು ಹೊಳೀತಿದೆ. ಅಂದರೆ ಅದಕ್ಕೆ ರಕ್ತ ಹರೀತಿತ್ತು, ಅದು ಬದುಕಿತ್ತು. ಎಲ್ಲಕ್ಕಿಂತ ದೊಡ್ಡ ಗುರುತು, ಒಂದು ವರ್ಷ ಮಾತ್ರೆ ನುಂಗಿದರೂ ಕರಗಲಿಲ್ಲ. ಬೆಳೀತು."

"ಮಾತ್ರೆಯಿಂದ ಇದು ಕರಗುತ್ತಿತ್ತೇ?"

"ಬುಟ್ಟಿಗಟ್ಟಲೆ ನುಂಗಿಸಿದ್ದರೂ ಇಲ್ಲ."

"ಕರಗಲಿಲ್ಲ ಅಂತ ಗೊತ್ತಾದಾಗ ಮೈಸೂರಿನಲ್ಲಿ ಈತನನ್ನ ನೋಡ್ತಿದ್ದ ಆಸ್ಪತ್ರೆಯವರು ಏನು ಕೇಳಿರ್ತಾರೆ?"

"ಎಲ್ಲ ಡಾಕ್ಟರೂ ಕೇಳೋದನ್ನೇ. ಮಾತ್ರೆ ತಪ್ಪದೆ ಕೊಡ್ತಿದ್ದೀರಾ ಅಂತ ಮನೆಯವರನ್ನ ಕೇಳಿರ್ತಾರೆ."

ಧನುಶ್ರೀ ಇಕ್ಕಳವನ್ನು ಕೆಳಗಿಟ್ಟಳು. ಯಾರದೋ ಬಾಯಿಂದ ಸಲೀಸಾಗಿ ಬಂದ ಆ ಒಂದು ಪ್ರಶ್ನೆ ಅರಕೆರೆಯ ಆ ಮನೆಯೊಳಗೆ ಎಷ್ಟು ದೂರ ಹೋಗಿರಬಹುದು ಎಂದು ಯೋಚಿಸಿದಳು. ಯೋಚಿಸಿದಷ್ಟೂ ಅವಳಿಗೆ ಭಯವಾಯಿತು.

ನಾಗಮಂಗಲದ ಮೆಡಿಕಲ್ ಕಾಲೇಜಿನಿಂದ ಜೀಪು ಹೊರಟಾಗ ಬಿಸಿಲು ನೆತ್ತಿ ದಾಟಿತ್ತು. ಹೊರಟ ಸ್ವಲ್ಪ ಹೊತ್ತಿಗೇ ಡಿವೈಎಸ್ಪಿ ಸಾಹೇಬರ ಫೋನು ಬಂತು.

"ಹೆಂಗಸು. ಸೂರ್ಯ ಮುಳುಗಿದ ಮೇಲೆ ಅರೆಸ್ಟ್ ಮಾಡೋಕಾಗಲ್ಲ, ಗೊತ್ತಲ್ಲ? ಅಷ್ಟರೊಳಗೆ ಮುಗಿಸಿ."

"ಸರ್, ಅದು ಹೆಪ್ಪೇ ಅಲ್ಲವಂತೆ. ಕ್ಯಾನ್ಸರ್ ಗಡ್ಡೆ."

"ಇರಲಿ. ಗಡ್ಡೆಯಿಂದ ಸತ್ತನಾ, ಮಾತ್ರೆಯಿಂದ ಸತ್ತನಾ?"

"ಮಾತ್ರೆಯಿಂದ."

"ಹಾಗಿದ್ದ ಮೇಲೆ ನನಗೆ ಯಾಕ್ರೀ ಗಡ್ಡೆ ಪಾಠ?"

ಫೋನು ಕಟ್ಟಾಯಿತು. ಸಾಹೇಬರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ಧನುಶ್ರೀಯ ಸಂಕಟ. ಬೆಳಗಿನಿಂದ ಠಾಣೆಯ ಬೆಂಚಿನ ಮೇಲೆ ಕೂತಿರುವ ಅರ್ಪಿತ ಸಂಜೆ ಮಗಳ ಹತ್ತಿರ ಹೋಗಬೇಕಾದರೆ, ಆ ಮಾತ್ರೆಗಳು ಬೇರೆ ಯಾರ ಕೈಯಿಂದ ಬಂದವು ಎಂದು ಹೊತ್ತು ಮುಳುಗುವುದರೊಳಗೆ ಹೇಳಬೇಕು. ಇಲ್ಲದಿದ್ದರೆ ಅವಳು ಜೈಲಿಗೆ. ಐದು ತುಂಬದ ಅನು, ತನ್ನ ತಾಯಿಯನ್ನು ಕೊಲೆಗಾತಿ ಎನ್ನುವ ಮನೆಯಲ್ಲೇ ಬೆಳೆಯಬೇಕು.

ಪಾಂಡವಪುರದಲ್ಲಿ ಕಬ್ಬಿನ ಲಾರಿಗಳು ಅಡ್ಡಾದಿಡ್ಡಿ ನಿಂತು ದಾರಿ ಕಟ್ಟಿಹೋಗಿತ್ತು. ಸ್ಟೇರಿಂಗ್ ಹಿಡಿದಿದ್ದ ಹೆಡ್ ಕಾನ್‌ಸ್ಟೇಬಲ್ ದಾಸಯ್ಯ ಎಂಜಿನ್ ಆರಿಸಿದ.

"ಅಂಗಾರೆ ವರ್ಷವೆಲ್ಲ ಮಾತ್ರೆ ನುಂಗಿದ್ದು ಸುಮ್ಕೆ ಅನ್ನಿ ಮೇಡಂ."

"ಸುಮ್ಮನೆ ಆಗಿದ್ದರೆ ಬದುಕಿರ್ತಿದ್ದ, ದಾಸಯ್ಯ. ಇನ್ನೊಂದಿಷ್ಟು ದಿನವಾದರೂ."

ಅರ್ಪಿತ ಕೊಟ್ಟ ಹೇಳಿಕೆಯ ಒಂದು ಮಾತು ಧನುಶ್ರೀಯ ತಲೆಯಲ್ಲಿ ಕೊರೆಯತೊಡಗಿತ್ತು. ಅತ್ತೆ ಚಿಕ್ಕಬೋರಮ್ಮ ಮಂಡಿನೋವೆಂದು ಅಡುಗೆಮನೆಯನ್ನು ಸೊಸೆಗೆ ಬಿಟ್ಟುಕೊಟ್ಟು ಬಹಳ ಕಾಲವಾಗಿತ್ತಂತೆ. ಆದರೆ ಈಚೆಗೆ, ಮುದ್ದೆಯನ್ನು ಮಾತ್ರ ತಾನೇ ತೊಳಸುತ್ತೇನೆಂದು ಕೋಲು ಕಿತ್ತುಕೊಂಡಿದ್ದಳಂತೆ. ಸೊಸೆಯನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲವಂತೆ. ಅತ್ತೆ ಸೊಸೆಯರ ಜಗಳ ಎಂದುಕೊಂಡು ಧನುಶ್ರೀ ಅದನ್ನು ಅಲ್ಲಿಗೇ ಬಿಟ್ಟಿದ್ದಳು. ಪೊಲೀಸರಿಗೆ ಅಡುಗೆಮನೆ ಜಗಳವೆಂದರೆ ಒಂದು ತಾತ್ಸಾರ. ಅವಳು ಹೆಣ್ಣಾಗಿಯೂ ಅದರಿಂದ ಹೊರತಾಗಿರಲಿಲ್ಲ.

"ದಾಸಯ್ಯ, ನೀವು ಮುದ್ದೆ ಅಗಿದು ತಿಂತೀರಾ?"

ದಾಸಯ್ಯ ಮೇಡಂಗೆ ಬಿಸಿಲು ತಗುಲಿತೇನೋ ಎಂಬಂತೆ ನೋಡಿದ. "ಮುದ್ದೆ ಯಾರಾದ್ರೂ ಅಗೀತಾರಾ? ಸಾರ್ನಾಗೆ ಅದ್ದಿ ನುಂಗೋದು. ಅಗಿದ್ರೆ ನಮ್ಮವ್ವ ತಟ್ಟೆ ಬುಟ್ಟು ಏಳು ಅನ್ನೋಳು."

ಕೆ.ಆರ್. ಪೇಟೆಯಲ್ಲಿ ಹುಟ್ಟಿ ಬೆಳೆದ ಧನುಶ್ರೀಗೆ ಅದು ಗೊತ್ತಿಲ್ಲದ್ದಲ್ಲ. ಇನ್ನೊಬ್ಬರ ಬಾಯಿಂದ ಕೇಳಬೇಕಿತ್ತು. ನುಂಗುವ ತುತ್ತಿನೊಳಗೆ ಏನಿದೆ ಎಂದು ನಾಲಗೆಗೆ ತಿಳಿಯುವುದಿಲ್ಲ.

"ಲಾರಿಯವರಿಗೆ ಗದರಿ ದಾರಿ ಬಿಡಿಸಿ," ಎಂದಳು. "ಅರಕೆರೆಗೆ ಹೋಗೋಣ."

ಲೋಕೇಶನ ಮನೆಯ ಜಗಲಿಯ ಮೇಲೆ ಅವನ ತಮ್ಮ ಕಿಶನ್ ಅಣ್ಣನ ಮಗಳಿಗೆ ತಲೆ ಬಾಚುತ್ತ ಕೂತಿದ್ದ. ಜೀಪು ಕಂಡ ಕೂಡಲೇ ಎದ್ದು ಕುರ್ಚಿ ತಂದಿಟ್ಟ. ಅಣ್ಣನನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಿದವನು ಅವನು, ಅತ್ತಿಗೆಯ ಮೇಲೆ ದೂರು ಬರೆದುಕೊಟ್ಟವನೂ ಅವನೇ. ಎರಡನ್ನೂ ಒಂದೇ ಶ್ರದ್ಧೆಯಿಂದ ಮಾಡಿದ್ದ.

"ಅವ್ವ ಒಳಗವ್ರೆ ಮೇಡಂ. ಅನು ಈಗ ಉಣ್ತೀನಿ ಅಂದ್ಲು, ಅದ್ಕೆ ಒಲೆ ಮುಂದೆ ಕೂತವ್ರೆ. ಕರೀಲಾ?"

"ಬೇಡ. ನಾನೇ ಹೋಗ್ತೀನಿ."

ಅಡುಗೆಮನೆಯಲ್ಲಿ ಹೊಗೆ ತುಂಬಿತ್ತು. ಗ್ಯಾಸ್ ಇದ್ದರೂ ಮುದ್ದೆಗೆ ಸೌದೆ ಒಲೆಯೇ ಆಗಬೇಕು ಎನ್ನುವವಳು ಚಿಕ್ಕಬೋರಮ್ಮ. ಎರಡು ಕಾಲಿನ ನಡುವೆ ಪಾತ್ರೆ ಒತ್ತಿ ಹಿಡಿದು ಕೋಲಿನಿಂದ ಹಿಟ್ಟು ತೊಳಸುತ್ತಿದ್ದಳು. ಮಗ ಸತ್ತ ಮನೆಯ ತಾಯಿಯ ತೋಳಿನಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬರುತ್ತದೋ. ಧನುಶ್ರೀ ಬೂಟು ಬಿಚ್ಚಿ ಒಳಗೆ ಹೋಗಿ ನೆಲದ ಮೇಲೆ ಕೂತಳು.

"ಆ ಪಾಪೀನ ಜೈಲ್ಗೆ ಆಕಿದ್ರಾ?" ಎಂದಳು ಚಿಕ್ಕಬೋರಮ್ಮ, ತಲೆ ಎತ್ತದೆ.

"ಇನ್ನೂ ಇಲ್ಲ ಅವ್ವ. ಮಂಡಿ ನೋವು ಅಂತ ಅಡುಗೆ ಬುಟ್ಟಿದ್ರಂತಲ್ಲ. ಇಟ್ಟು ಮಾತ್ರ ಯಾಕೆ ನೀವೇ ತೊಳಸ್ತಿದ್ರಿ?"

ಕೋಲು ಒಂದು ಗಳಿಗೆ ನಿಂತು ಮತ್ತೆ ತಿರುಗಿತು. "ಸೊಪ್ಪಿನ ಸಾರು ನಿಲ್ಲುಸ್ಬುಟ್ಲು ಕಣವ್ವ. ಸೊಪ್ಪು ತಿಂದ್ರೆ ಆ ಮಾತ್ರೆ ಕೆಲ್ಸ ಮಾಡಾಕಿಲ್ಲ ಅಂತ ಡಾಕ್ಟ್ರು ಯೋಳವ್ರಂತೆ. ನನ್ ಮಗ ಬಸ್ಸಾರಿಲ್ದೆ ಉಂಡೋನಲ್ಲ. ಇಟ್ಟಾದ್ರೂ ತಾಯಿ ಕೈದು ಉಣ್ಲಿ ಅಂತ."

"ಅಷ್ಟೇನಾ?"

"ಅಷ್ಟೇಯ."

"ಮೈಸೂರಿನಲ್ಲಿ ಡಾಕ್ಟ್ರು ಮಾತ್ರೆ ತಪ್ದೆ ಕೊಡ್ತಿದ್ದೀರಾ ಅಂತ ಕೇಳಿದಾಗ ನೀವೂ ಅಲ್ಲಿದ್ರಾ?"

ಈ ಸಲ ಚಿಕ್ಕಬೋರಮ್ಮ ತಲೆ ಎತ್ತಿದಳು. ಹೊಗೆಗೋ ಸಿಟ್ಟಿಗೋ ಕಣ್ಣು ಕೆಂಪಾಗಿತ್ತು. "ಇದ್ದೆ. ಅವ್ರು ಕೇಳ್ದೇಟ್ಗೆ ನನ್ ಸೊಸೆ ತಲೆ ತಗ್ಗುಸ್ಬುಟ್ಲು. ಸರ್ಯಾಗಿ ಕೊಡ್ತಿದ್ರೆ ಯಾಕೆ ತಗ್ಗುಸ್ಬೇಕು? ಗಂಟು ಯಾಕೆ ಕರಗ್ಬಾರ್ದು? ನೀನೇ ಯೋಳು."

ದೊಡ್ಡ ಆಸ್ಪತ್ರೆಯ ಡಾಕ್ಟರು ಕೇಳಿದರೆ ಹಳ್ಳಿಯ ಹೆಣ್ಣುಮಗಳು ತಲೆ ತಗ್ಗಿಸುತ್ತಾಳೆ. ತಪ್ಪು ಮಾಡಿದ್ದರೂ ತಗ್ಗಿಸುತ್ತಾಳೆ, ಮಾಡದಿದ್ದರೂ ತಗ್ಗಿಸುತ್ತಾಳೆ. ಅಷ್ಟಕ್ಕೇ ಒಂದು ಸಂಸಾರ ಹಾಳಾಗಿತ್ತು.

"ಅದಕ್ಕೇ ನೀವು ಇಟ್ಟಿನೊಳಗೆ ಮಾತ್ರೆ ಇಕ್ಕಿದ್ರಿ," ಎಂದಳು ಧನುಶ್ರೀ.

ಚಿಕ್ಕಬೋರಮ್ಮ ಮರೆಮಾಚುತ್ತಾಳೆ, ಅಳುತ್ತಾಳೆ, ಇಲ್ಲ ಎಂದು ಆಣೆ ಇಡುತ್ತಾಳೆ ಎಂದುಕೊಂಡಿದ್ದಳು. ಅದಾವುದೂ ಆಗಲಿಲ್ಲ. ಮುದುಕಿಯ ಮುಖದಲ್ಲಿ ಒಂದು ಬಗೆಯ ಹೆಮ್ಮೆ ಕಂಡಿತು. ಕೊನೆಗೂ ಯಾರೋ ಕೇಳಿದರಲ್ಲ ಎಂಬಂತಿತ್ತು.

"ಇಕ್ದೆ. ನನ್ ಮಗ ಕಣವ್ವ. ಎಂಡ್ತಿ ಕೊಡ್ದಿದ್ರೆ ತಾಯಿ ಕೊಡ್ಬಾರ್ದಾ? ವತ್ತಾರೆ ಇಟ್ಟು ಕಟ್ಟೋವಾಗ ನಡುವಿಗೆ ಇಕ್ಕಿ ಮುಚ್ಬುಡ್ತಿದ್ದೆ. ಅವ್ನಿಗೂ ತಿಳೀತಿರ್ನಿಲ್ಲ. ತಿಳುದ್ರೆ ಎಂಡ್ತಿಗೆ ಯೋಳ್ಬುಡೋನು."

"ದಿನಕ್ಕೆ ಎಷ್ಟು?"

"ಒಂದೇಯ. ಜಾಸ್ತಿ ಇಕ್ಕಾಕೆ ನಾನೇನು ಉಚ್ಚಿಯಾ?"

"ಯಾರು ತಂದುಕೊಡ್ತಿದ್ರು?"

"ಕಿಶನ್ನು. ಪಾಂಡವಪುರದ ಮೆಡಿಕಲ್ನಿಂದ. ಅಣ್ಣ ಅಂದ್ರೆ ಜೀವ ಅವ್ನಿಗೆ." ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನು ಒಸಿ ಮುಂಚೇಲೇ ಸುರು ಮಾಡ್ಬೇಕಿತ್ತು. ತಡ ಆಗೋಯ್ತು. ಅದೊಂದೇ ನಂಗೆ ಕೊರಗು."

ಹೇಳದೆ ಎದ್ದು ಹೋಗಿಬಿಡಲೇ ಎಂದು ಧನುಶ್ರೀಗೆ ನಿಜವಾಗಿಯೂ ಅನ್ನಿಸಿತು. ಪತ್ತೆ ಹಚ್ಚುವ ಕೆಲಸದಲ್ಲಿ ಖುಷಿ ಇದೆ ಎಂದು ಟ್ರೈನಿಂಗಿನಲ್ಲಿ ಯಾರೋ ಹೇಳಿದ್ದರು. ಹೇಳಿದವರು ಇಂಥ ಒಲೆಯ ಮುಂದೆ ಕೂತವರಲ್ಲ. ಈ ತಾಯಿಗೆ ನಿಜ ಹೇಳಿದರೆ ಇವಳು ಉಳಿಯುವುದಿಲ್ಲ, ಹೇಳದಿದ್ದರೆ ಅಲ್ಲಿ ಅರ್ಪಿತ ಉಳಿಯುವುದಿಲ್ಲ. ಯಾವ ಕಡೆ ನಡೆದರೂ ಒಬ್ಬ ಹೆಂಗಸನ್ನು ತುಳಿದೇ ನಡೆಯಬೇಕಿತ್ತು.

"ಅವ್ವ, ಅರ್ಪಿತಾನೂ ಕೊಡ್ತಿದ್ದಳು."

"ಇಲ್ಲ."

"ಕೊಡ್ತಿದ್ದಳು. ಅವಳೊಂದು, ನೀವೊಂದು. ರಕ್ತ ತೆಳ್ಳಗಾಗಿ ಆಗಿ ತಲೆಯೊಳಗೆ ಸೋರ್ಬುಡ್ತು. ಲೋಕೇಶ ಸತ್ತಿದ್ದು ಹೆಪ್ಪಿನಿಂದ ಅಲ್ಲ. ಮಾತ್ರೆಯಿಂದ."

"ಸುಳ್ಳು. ಕೊಟ್ಟಿದ್ರೆ ಗಂಟು ಕರಗ್ಬೇಕಿತ್ತು."

"ಅದು ಕರಗೋ ಗಂಟೇ ಅಲ್ಲ ಅವ್ವ. ರಕ್ತ ಅಲ್ಲ ಅದು. ಕ್ಯಾನ್ಸರ್ ಗಡ್ಡೆ. ಇವತ್ತು ನಾನು ಕೈಯಾರೆ ಎಳೆದು ನೋಡಿ ಬಂದೆ. ಯಾರು ಎಷ್ಟು ಕೊಟ್ಟಿದ್ದರೂ ಕರಗ್ತಿರಲಿಲ್ಲ."

ಚಿಕ್ಕಬೋರಮ್ಮ ಕೈ ಒದ್ದೆ ಮಾಡಿಕೊಂಡು, ಬೇಯಿಸಿದ ಹಿಟ್ಟನ್ನು ಹಲಗೆಯ ಮೇಲೆ ಹಾಕಿ ಮುದ್ದೆ ಕಟ್ಟತೊಡಗಿದಳು. ಬಿಸಿ ಹಿಟ್ಟು ಅಂಗೈ ಸುಡುತ್ತಿದ್ದರೂ ಕೈ ತೆಗೆಯಲಿಲ್ಲ. ಮೊಮ್ಮಗಳ ಅಳತೆಯ ಸಣ್ಣ ಮುದ್ದೆಯೊಂದನ್ನು ಕಟ್ಟಿ ತಟ್ಟೆಯಲ್ಲಿಟ್ಟು ಮುಚ್ಚಿದಳು.

"ಅಂಗಾರೆ ನಾನು ನನ್ ಕೈಯಾರೆ ಉಣ್ಸಿ ಕೊಂದೆ," ಎಂದಳು. ಕೇಳಿದ್ದಲ್ಲ, ಹೇಳಿದ್ದು.

ಸತ್ತವನ ಮೈಯಲ್ಲಿದ್ದದ್ದು ಎರಡು ಪಟ್ಟಲ್ಲ, ನಾಲ್ಕೈದು ಪಟ್ಟು ಎಂಬುದು ಧನುಶ್ರೀಯ ಮನಸ್ಸಿನ ಮೂಲೆಯಲ್ಲಿ ಚುಚ್ಚುತ್ತಲೇ ಇತ್ತು. ದಿನದಿನವೂ ಸೇರಿ ಮೈಯಲ್ಲಿ ನಿಂತಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೊತ್ತು ಇಳಿಯುತ್ತಿತ್ತು, ಸಮಾಧಾನ ಬೇಕಾಗಿತ್ತು.

"ಏಳವ್ವ, ಓಗಮ," ಎಂದಳು ಚಿಕ್ಕಬೋರಮ್ಮ ಗೋಡೆ ಹಿಡಿದು ಏಳುತ್ತ. "ಆ ಎಣ್ಣಿನ ಮೊಕ ನೋಡಿ ನಾನೇ ಯೋಳ್ಬೇಕು."

ಜಗಲಿಯಲ್ಲಿ ಕಿಶನ್ ತಾಯಿಯ ಚಪ್ಪಲಿ ತಂದಿಟ್ಟ. ಜೀಪಿಗೆ ಹತ್ತಿಸುವಾಗ ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳು ಹೂಂಗುಟ್ಟಿದಳು. "ಮಗೂನ ನಾನು ನೋಡ್ಕೋತೀನಿ ಮೇಡಂ, ನೀವೇನೂ ಯೋಚ್ನೆ ಮಾಡ್ಬೇಡಿ," ಎಂದ ಕಿಶನ್. ಅನು ಅವನ ಕೈ ಹಿಡಿದು ನಿಂತಿದ್ದಳು.

ಶ್ರೀರಂಗಪಟ್ಟಣ ಸೇರುವಾಗ ಬಿಸಿಲು ಹಳದಿಗೆ ತಿರುಗಿತ್ತು. ಠಾಣೆಯ ಹೊರಗೆ ಹೊಂಗೆಮರದಡಿಯಲ್ಲಿ ಅರ್ಪಿತಳ ತಂದೆ ಮುದ್ದಯ್ಯ, ತಾಯಿ ಮಂಚಮ್ಮ ಕೂತಿದ್ದರು. ಹೊಸಹೊಳಲಿನಿಂದ ಬೆಳಗಿನ ಮೊದಲ ಬಸ್ಸಿಗೇ ಬಂದವರು ಅಲ್ಲಿಂದ ಎದ್ದಿರಲಿಲ್ಲ. ಬೀಗಿತ್ತಿಯನ್ನು ಕಂಡು ಮಂಚಮ್ಮ ಮುಖ ತಿರುಗಿಸಿಕೊಂಡಳು. ಚಿಕ್ಕಬೋರಮ್ಮ ತಲೆ ಎತ್ತಿ ಯಾರನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ.

ಒಳಗೆ ಬೆಂಚಿನ ಮೇಲೆ ಅರ್ಪಿತ ಕೂತಿದ್ದಳು. ಅತ್ತೆಯನ್ನು ಕಂಡು ಅಭ್ಯಾಸಬಲದಿಂದ ಎದ್ದು ನಿಂತಳು. ಚಿಕ್ಕಬೋರಮ್ಮ ಅವಳ ಕಾಲ ಬುಡದಲ್ಲಿ ನೆಲಕ್ಕೆ ಕುಸಿದು, ಒಂದನ್ನೂ ಬಿಡದೆ ಹೇಳಿದಳು. ಡಾಕ್ಟರ ಪ್ರಶ್ನೆ, ಮುದ್ದೆ, ಮಾತ್ರೆ, ಕರಗದ ಗ್ರಹಚಾರದ ಗಡ್ಡೆ.

"ನೀನೊಂದು ಕೊಟ್ಟೆ, ನಾನೊಂದು ಕೊಟ್ಟೆ. ಇಬ್ರೂ ಸೇರಿ ಅವನ್ನ ತಿಂದ್ಬುಟ್ಟೊ ಕಣವ್ವ."

ಅರ್ಪಿತಳ ಕಣ್ಣಲ್ಲಿ ನೀರು ಬರಲಿಲ್ಲ. ಅದೆಲ್ಲ ಮುಗಿದಿತ್ತು. ಅವಳು ಧನುಶ್ರೀಯ ಕಡೆ ತಿರುಗಿ, "ಮೇಡಂ, ನಾನು ಒಂದು ಸುಳ್ಳು ಹೇಳಿದ್ದೆ," ಎಂದಳು.

"ಏನು?"

"ನಾನು ಕೊಡ್ತಿರ್ಲಿಲ್ಲ. ಸಂಕ್ರಾಂತಿಗೆ ಮುಂಚೇನೇ ನಿಲ್ಲಿಸ್ಬುಟ್ಟಿದ್ದೆ. ಹಲ್ಲುಜ್ಜಿದ್ರೆ ವಸಡಿಂದ ರಕ್ತ ಬರ್ತಿತ್ತು, ನೋಡಿ ಭಯ ಆಗೋಯ್ತು. ಮಾತ್ರೆ ಕೊಡ್ಲಿಲ್ಲ ಅಂದ್ರೆ ನಾನೇ ಸಾಯ್ಸಿದೆ ಅಂತಾರೆ ಅಂತ ನಿಮ್ ಮುಂದೆ ಕೊಡ್ತಿದ್ದೆ ಅಂದೆ."

"ಡಾಕ್ಟರನ್ನ ಕೇಳದೆ ನಿಲ್ಲಿಸಿದ್ರಾ?"

"ಕೇಳ್ಸಿದೆ ಮೇಡಂ. ಕಿಶನ್ ಫೋನ್ ಮಾಡಿ ಕೇಳ್ದ. ಒಂದಷ್ಟು ದಿನ ನಿಲ್ಸಿ ಅಂದ್ರಂತೆ. ರಕ್ತ ಎಷ್ಟು ತೆಳ್ಳಗಿದೆ ಅಂತ ನೋಡೋ ಟೆಸ್ಟಿಗೂ ಈ ತಿಂಗಳು ಬರೋದು ಬೇಡ ಅಂದ್ರಂತೆ."

ಚಿಕ್ಕಬೋರಮ್ಮ ಬಾಯಿ ತೆರೆದು ಸೊಸೆಯನ್ನೇ ನೋಡುತ್ತಿದ್ದಳು. "ನೀನು ಮಾತ್ರೆ ಕೊಡ್ತಿಲ್ಲ, ಕದ್ದು ಎಸೀತಿದ್ದೀಯ ಅಂತ ನಂಗೆ ಯೋಳಿದ್ದೂ ಅವ್ನೇಯ," ಎಂದಳು.

ಧನುಶ್ರೀ ಮನಸ್ಸಿನಲ್ಲೇ ಮತ್ತೆ ಲೆಕ್ಕ ಹಾಕಿದಳು. ಸೊಸೆ ಕೊಟ್ಟಿಲ್ಲ. ತಾಯಿ ಕೊಟ್ಟದ್ದು ಒಂದು. ಒಂದೆಂದರೆ ಡಾಕ್ಟರು ಬರೆದುಕೊಟ್ಟ ಅಳತೆಯೇ. ಅಷ್ಟಕ್ಕೆ ಯಾರೂ ಸಾಯುವುದಿಲ್ಲ.

"ಅವ್ವ, ಒಂದೇ ಮಾತ್ರೆ ಇಕ್ಕಿದ್ರಾ? ನೋಡಿ ಇಕ್ಕಿದ್ರಾ? ಅದರ ಬಣ್ಣ ಯಾವುದು?"

"ನಾನೆಲ್ಲಿ ಮಾತ್ರೆ ನೋಡಿದ್ನವ್ವ. ಇಡಿ ಮಾತ್ರೆ ಆದ್ರೆ ಗಂಟಲ್ಗೆ ಸಿಕ್ಕಿ ಅವ್ನಿಗೆ ಗೊತ್ತಾಗ್ಬುಡ್ತದೆ ಅಂತ ಕಿಶನ್ನು ಪುಡಿ ಮಾಡಿ ಪೊಟ್ಟಣ ಕಟ್ಟಿ ಕೊಡ್ತಿದ್ದ. ದಿನುಕ್ಕೊಂದು ಪೊಟ್ಟಣ. ಒಂದು ಪೊಟ್ಟಣ ಅಂದ್ರೆ ಒಂದು ಮಾತ್ರೆ ಅಂದಿದ್ದ."

ಒಂದು ಪೊಟ್ಟಣದಲ್ಲಿ ನಾಲ್ಕೈದು ಮಾತ್ರೆಯ ಪುಡಿಯೂ ಹಿಡಿಯುತ್ತದೆ. ದಾಸಯ್ಯ ಬಾಗಿಲಲ್ಲಿ ಜೀಪಿನ ಕೀ ಹಿಡಿದು ನಿಂತಿದ್ದ. ಮೊದಲು ಬಾಯಿ ಬಿಟ್ಟವಳು ಅರ್ಪಿತ.

"ಅನು ಎಲ್ಲಿ ಅತ್ತೆ?"

"ಅವ್ನ ಜೊತೇಲವ್ಳೆ. ಬೈಕ್ನಾಗೆ ಒಸಹೊಳಲ್ಗೆ ಬುಟ್ಟು ಬತ್ತೀನಿ ಅಂದ. ಮಗೂನ ನಮ್ಮಪ್ಪ ನಮ್ಮವ್ವನ ತಾವ ಕಳ್ಸು ಅಂತ ಮದ್ಯಾನ ನೀನೇ ಫೋನ್ ಮಾಡಿದ್ಯಂತಲ್ಲ."

ಅರ್ಪಿತಳ ಫೋನು ಬೆಳಗಿನಿಂದ ಧನುಶ್ರೀಯ ಮೇಜಿನ ಖಾನೆಯಲ್ಲಿತ್ತು.

"ನಾನು ಯಾರಿಗೂ ಫೋನ್ ಮಾಡಿಲ್ಲ ಅತ್ತೆ," ಎಂದಳು ಅರ್ಪಿತ. ಅವಳು ಕಿಟಕಿಯ ಆಚೆಗೆ, ಹೊಂಗೆಮರದ ಕೆಳಗೆ ಕೂತಿದ್ದ ತನ್ನ ತಂದೆ ತಾಯಿಯನ್ನು ನೋಡುತ್ತಿದ್ದಳು. "ಹೊಸಹೊಳಲಿನ ಮನೆಗೆ ಬೀಗ ಹಾಕಿದೆ."